ಪಿತ್ತಕೋಶದ ಕಲ್ಲು: ವಯಸ್ಸು ಅಡ್ಡಿಯಲ್ಲ, ವಿಳಂಬವೇ ಅಪಾಯ

ಬೆಳಗಾವಿ: ಊಟವಾದ ಕೆಲ ಹೊತ್ತಿನಲ್ಲಿ ಬಲ ಪಕ್ಕೆಲುಬಿನ ಕೆಳಗೆ ಆರಂಭವಾಗಿ ಬೆನ್ನಿಗೆ, ಬಲ ಭುಜಕ್ಕೆ ಹರಡುವ ನೋವನ್ನು ಹಲವರು ಗ್ಯಾಸ್ಟ್ರಿಕ್ ಎಂದೇ ಭಾವಿಸುತ್ತಾರೆ. ಅದು ಪಿತ್ತಕೋಶದ ಕಲ್ಲಿನ ಲಕ್ಷಣವೂ ಆಗಿರಬಹುದು. ಅಲ್ಟ್ರಾಸೌಂಡ್ ಸ್ಕ್ಯಾನಿಂಗ್‌ನಲ್ಲಿ ಬಹುತೇಕ ಕಲ್ಲುಗಳು ಪತ್ತೆಯಾಗುತ್ತವೆ.

ಕಲ್ಲಿದ್ದವರಿಗೆಲ್ಲ ಶಸ್ತ್ರಚಿಕಿತ್ಸೆ ಬೇಕಿಲ್ಲ. ತೊಂದರೆ ಇಲ್ಲದಿದ್ದರೆ ಸಾಮಾನ್ಯವಾಗಿ ಕಾಯಬಹುದು. ನೋವು ಮರುಕಳಿಸುತ್ತಿದ್ದರೆ ಪಿತ್ತಕೋಶವನ್ನೇ ತೆಗೆಯುವುದು ಸೂಕ್ತ. ಪಿತ್ತರಸವನ್ನು ಉತ್ಪಾದಿಸುವುದು ಯಕೃತ್ತು; ಪಿತ್ತಕೋಶ ಅದನ್ನು ಸಂಗ್ರಹಿಸುತ್ತದೆ ಅಷ್ಟೆ. ಆದ್ದರಿಂದ ಅದಿಲ್ಲದೆಯೂ ಜೀರ್ಣಕ್ರಿಯೆ ನಡೆಯುತ್ತದೆ.

ಶಸ್ತ್ರಚಿಕಿತ್ಸೆ ಹೇಗೆ?

ಲ್ಯಾಪ್ರೊಸ್ಕೋಪಿ ಎಂದು ಕರೆಯುವ ಈ ಕಿರುರಂಧ್ರ ವಿಧಾನದಲ್ಲಿ ಪಿತ್ತಕೋಶವನ್ನು ಮೊದಲು ತೆಗೆದವರು ಜರ್ಮನಿಯ ಎರಿಕ್ ಮ್ಯೂಹೆ, 1985ರಲ್ಲಿ. ಭಾರತದಲ್ಲಿ 1990ರಲ್ಲಿ ಮುಂಬೈನ ಜೆ.ಜೆ. ಆಸ್ಪತ್ರೆಯಲ್ಲಿ ಡಾ. ತೆಹೆಮ್ಟನ್ ಉದ್ವಾಡಿಯಾ ಇದನ್ನು ಆರಂಭಿಸಿದರು.

ಪೂರ್ಣ ಅರಿವಳಿಕೆ ನೀಡಿ, ಇಂಗಾಲದ ಡೈಆಕ್ಸೈಡ್‌ನಿಂದ ಹೊಟ್ಟೆಯನ್ನು ಉಬ್ಬಿಸಲಾಗುತ್ತದೆ. 5ರಿಂದ 10 ಮಿ.ಮೀ. ಅಳತೆಯ, ಸಾಮಾನ್ಯವಾಗಿ 4 ರಂಧ್ರಗಳ ಮೂಲಕ ಕ್ಯಾಮೆರಾ ಹಾಗೂ ಉಪಕರಣಗಳನ್ನು ಒಳಗಿಳಿಸುತ್ತಾರೆ. ಪಿತ್ತಕೋಶದ ನಾಳ ಮತ್ತು ರಕ್ತನಾಳಕ್ಕೆ ಕ್ಲಿಪ್ ಹಾಕಿ ಕತ್ತರಿಸಿ, ಪಿತ್ತಕೋಶವನ್ನು ಹೊರತೆಗೆಯುತ್ತಾರೆ. ಮುಖ್ಯ ಪಿತ್ತನಾಳಕ್ಕೆ ಪೆಟ್ಟಾಗುವುದು ಅಪರೂಪ, ಆದರೆ ಗಂಭೀರ. ಆದ್ದರಿಂದ ಒಳಭಾಗ ಸ್ಪಷ್ಟವಾಗಿ ಕಾಣದಿದ್ದಾಗ ವೈದ್ಯರು ಹೊಟ್ಟೆ ತೆರೆದು ಶಸ್ತ್ರಚಿಕಿತ್ಸೆ ಮಾಡುವುದು ವೈಫಲ್ಯವಲ್ಲ, ಮುನ್ನೆಚ್ಚರಿಕೆ.

ಯಾವ ವಯಸ್ಸಿಗೆ ಏನು?

ಆರೋಗ್ಯವಂತ ಯುವಕರು ಬಹುತೇಕ ಒಂದೆರಡು ದಿನಗಳಲ್ಲಿ ಮನೆಗೆ ಮರಳುತ್ತಾರೆ. ಗರ್ಭಿಣಿಯರಿಗೆ ಅನಿವಾರ್ಯವಾದರೆ ಮಧ್ಯದ ಮೂರು ತಿಂಗಳು ಹೆಚ್ಚು ಅನುಕೂಲಕರ. ನಡುವಯಸ್ಸಿನವರು ಸಕ್ಕರೆ ಕಾಯಿಲೆ, ರಕ್ತದೊತ್ತಡವನ್ನು ಮೊದಲು ಹತೋಟಿಗೆ ತಂದುಕೊಳ್ಳಬೇಕು. 70 ದಾಟಿದವರಿಗೆ ಹೃದಯ, ಶ್ವಾಸಕೋಶದ ತಪಾಸಣೆ ಮುಖ್ಯ. ವೃದ್ಧರಲ್ಲಿ ಸೋಂಕಿದ್ದರೂ ನೋವು, ಜ್ವರ ತೀವ್ರವಾಗಿರದೆ ಇರಬಹುದು. ಪಿತ್ತನಾಳದಲ್ಲೂ ಕಲ್ಲಿರುವ ಸಾಧ್ಯತೆ ಹೆಚ್ಚು. ಆದರೂ ವಯಸ್ಸೊಂದೇ ಶಸ್ತ್ರಚಿಕಿತ್ಸೆಗೆ ಅಡ್ಡಿಯಲ್ಲ. ತುರ್ತಾಗಿ ಮಾಡುವುದಕ್ಕಿಂತ ಮೊದಲೇ ನಿಗದಿಪಡಿಸಿ ಮಾಡಿಸುವುದು ಅವರಿಗೆ ಸುರಕ್ಷಿತ.

ಖಾನಾಪುರದವರು ಗಮನಿಸಿ

ಖಾನಾಪುರ ಪಟ್ಟಣದಿಂದ ಬೆಳಗಾವಿಗೆ ಸುಮಾರು 25 ಕಿ.ಮೀ. ಮಾತ್ರ. ಆದರೆ ಭೀಮಗಡ ಅರಣ್ಯದೊಳಗಿನ ಊರುಗಳಿಂದ ಮಳೆಗಾಲದಲ್ಲಿ ರೋಗಿಯನ್ನು ರಸ್ತೆಗೆ ತಲುಪಿಸುವುದೇ ಕಷ್ಟ. ಪದೇ ಪದೇ ನೋವು ಕಾಣಿಸಿಕೊಳ್ಳುವವರು ಮಳೆಗಾಲಕ್ಕೆ ಮುನ್ನವೇ ತಪಾಸಣೆ ಮಾಡಿಸಿಕೊಳ್ಳುವುದು ಒಳಿತು. ಬೆಳಗಾವಿಯಲ್ಲಿ ಸರ್ಕಾರಿ ಬಿಮ್ಸ್ ಹಾಗೂ ಕೆಎಲ್ಇ ಆಸ್ಪತ್ರೆಗಳಿವೆ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯ ನೆರವು, ಅದಕ್ಕೆ ಬೇಕಾದ ಶಿಫಾರಸು ಪತ್ರದ ಬಗ್ಗೆ ಖಾನಾಪುರ ತಾಲ್ಲೂಕು ಆಸ್ಪತ್ರೆಯಲ್ಲಿ ಮೊದಲೇ ವಿಚಾರಿಸಬೇಕು.

ಚಳಿಜ್ವರ, ಕಾಮಾಲೆ, ನಿಲ್ಲದ ವಾಂತಿ, ಗಂಟೆಗಟ್ಟಲೆ ಇಳಿಯದ ನೋವು ಇವುಗಳಲ್ಲಿ ಯಾವುದೇ ಕಾಣಿಸಿಕೊಂಡರೂ ಮನೆಮದ್ದಿನಲ್ಲಿ ಕಾಲ ಕಳೆಯದೆ ಅಂದೇ ಆಸ್ಪತ್ರೆಗೆ ತೆರಳಬೇಕು.