ಕಳ್ಳತಕ್ಕಡಿಯ ಆಯುಷ್ಯ: ಅರ್ಥಶಾಸ್ತ್ರದ ತಾಂತ್ರಿಕ ಭಾಗಗಳನ್ನು ಕುರಿತು

ತಂಜಾವೂರು ಸೀಮೆಯ ಪಂಡಿತರೊಬ್ಬರಿಂದ ಮೈಸೂರಿನ ಪ್ರಾಚ್ಯ ಗ್ರಂಥಾಲಯಕ್ಕೆ ಬಂದ ತಾಳೆಗರಿಯಲ್ಲಿ ಆರ್. ಶಾಮಶಾಸ್ತ್ರಿಗಳು 1905ರಲ್ಲಿ ಕೌಟಿಲ್ಯನ ಅರ್ಥಶಾಸ್ತ್ರವನ್ನು ಗುರುತಿಸಿದರು; 1909ರಲ್ಲಿ ಮೂಲಪಾಠ ಅಚ್ಚಾಯಿತು. ರಾಜನೀತಿಯ ಗ್ರಂಥವೆಂದೇ ಹೆಸರಾದ ಇದರಲ್ಲಿ ಗಣಿ, ಲೋಹ, ತೂಕ, ಮಳೆಯಳತೆಗಳ ವಿಚಾರವೂ ಧಾರಾಳವಾಗಿದೆ. ಹಳೆಯ ತಾಂತ್ರಿಕ ಬರಹಗಳಲ್ಲಿ ಕೆಲವಷ್ಟೇ ಇಂದಿಗೂ ಸಲ್ಲುವುದೇಕೆ ಎಂದು ಪರೀಕ್ಷಿಸಲು ಇದು ಒಳ್ಳೆಯ ಸಾಮಗ್ರಿ, ಏಕೆಂದರೆ ಸತ್ತ ಭಾಗ, ಬದುಕಿದ ಭಾಗ ಎರಡೂ ಒಂದೇ ಗ್ರಂಥದಲ್ಲಿವೆ. ಹದಿನಾಲ್ಕನೆಯ ಅಧಿಕರಣದ ವಿಷಧೂಮ, ಕತ್ತಲಲ್ಲಿ ಕಣ್ಣು ಕಾಣಿಸುವ ಅಂಜನ, ಅದೃಶ್ಯನಾಗುವ ಯೋಗ ಇವೆಲ್ಲ ಈಗ ಬರೀ ಕುತೂಹಲಕ್ಕೆ. ಎರಡನೆಯ ಅಧಿಕರಣದ ತಕ್ಕಡಿಯ ವಿಚಾರ ಹಾಗಲ್ಲ. ಉಪಕರಣದ ಮಹಿಮೆಯನ್ನು ಹೇಳಿದ ಬರಹ ಉಪಕರಣದ ಜೊತೆಗೇ ಹಳತಾಗುತ್ತದೆ. ಅದು ಎಲ್ಲಿ ತಪ್ಪುತ್ತದೆ, ತಪ್ಪಿದರೆ ಲಾಭ ಯಾರಿಗೆ ಎಂದು ಕೇಳಿದ ಬರಹ ಉಳಿಯುತ್ತದೆ ಎಂಬುದು ನನ್ನ ವಾದ.

ಅಕ್ಕಸಾಲಿಗರ ಮೋಸವನ್ನು ವಿವರಿಸುವಲ್ಲಿ ಗ್ರಂಥಕಾರ ಬಾಗುವ ತಕ್ಕಡಿ, ಟೊಳ್ಳು ಕೊರೆದದ್ದು, ತಲೆ ಒಡೆದದ್ದು, ದಾರ ಕೆಟ್ಟದ್ದು, ತಟ್ಟೆ ಕೆಟ್ಟದ್ದು, ಕೊನೆಗೆ ಅಯಸ್ಕಾಂತ ಅಡಗಿಸಿದ್ದು ಎಂದು ಒಂದೊಂದು ಅಂಗವನ್ನೂ ಶಂಕಿಸುತ್ತಾನೆ. ತೂಕದ ಕಲ್ಲುಗಳಿಗೆ ನಾಲ್ಕು ತಿಂಗಳಿಗೊಮ್ಮೆ ಮುದ್ರೆ, ಮುದ್ರೆಯಿಲ್ಲದ್ದಕ್ಕೆ ದಂಡ. ಇಂದು ಮೈಸೂರಿನ ದೇವರಾಜ ಮಾರುಕಟ್ಟೆಯ ಎಲೆಕ್ಟ್ರಾನಿಕ್ ತಕ್ಕಡಿಗೆ ದಾರವೂ ಇಲ್ಲ, ದಂಡಿಗೆಯೂ ಇಲ್ಲ. ಆದರೂ 2009ರ ಕಾನೂನು ಮಾಪನಶಾಸ್ತ್ರ ಅಧಿನಿಯಮ ಅದಕ್ಕೂ ಸರಕಾರಿ ಮುದ್ರೆಯನ್ನು ವಿಧಿಸುತ್ತದೆ. ಮಳೆಮಾಪಕದ ಮಾತೂ ಗಮನಾರ್ಹ. ಮಳೆಯನ್ನು ದ್ರೋಣದ ಲೆಕ್ಕದಲ್ಲಿ, ಅಂದರೆ ನೀರಿನ ಗಾತ್ರದಿಂದ ಎಣಿಸುವುದಾದರೆ ಪಾತ್ರೆಯ ಬಾಯಗಲ ಎಲ್ಲೆಡೆ ಒಂದೇ ಇರಬೇಕು. ಅದಕ್ಕೇ ಒಂದು ಅರತ್ನಿ ಅಗಲವೆಂದು ನಿಗದಿಮಾಡಿದೆ. ದ್ರೋಣ, ಅರತ್ನಿಗಳು ಬಳಕೆ ತಪ್ಪಿವೆ, ನಿಜ. ಆದರೆ ಬಾಯಗಲ ಗೊತ್ತಿಲ್ಲದ ಪಾತ್ರೆಯ ನೀರಿನಿಂದ ಎರಡು ಊರುಗಳ ಮಳೆಯನ್ನು ಹೋಲಿಸಲಾಗದು ಎಂಬ ತಿಳಿವಳಿಕೆಗೆ ಮುಪ್ಪಿಲ್ಲ.

ಉಳಿದದ್ದನ್ನಷ್ಟೇ ನೋಡಿ ಉಳಿವಿನ ಕಾರಣ ಹೇಳುತ್ತಿದ್ದೀರಿ ಎಂಬ ಆಕ್ಷೇಪ ಬರಬಹುದು. ಇಲ್ಲಿ ಅದು ನಿಲ್ಲದು: ಲಿಪಿಕಾರರು ಅಂಜನವನ್ನೂ ತಕ್ಕಡಿಯನ್ನೂ ಭೇದವೆಣಿಸದೆ ನಕಲು ಮಾಡಿದ್ದಾರೆ. ಗರಿಯಲ್ಲಿ ಉಳಿಯುವುದು ಬೇರೆ, ಪ್ರಸ್ತುತವಾಗಿರುವುದು ಬೇರೆ. ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಇನ್ನೊಂದಿದೆ: ಇದು ಬೊಕ್ಕಸದ ಕಣ್ಣು, ಕುಶಲಕರ್ಮಿಯನ್ನು ಕಳ್ಳನೆಂದೇ ನೋಡುತ್ತದೆ. ಅಕ್ಕಸಾಲಿಗರ ಪಾಲಿಗೆ ಅದು ಬಹುಮಟ್ಟಿಗೆ ಸರಿ. ಆದರೆ ಅದೇ ಅಧಿಕರಣ ರಾಜನ ಅಧಿಕಾರಿಗಳೇ ಹಣ ಕಬಳಿಸುವ ನಲವತ್ತು ದಾರಿಗಳನ್ನೂ ಎಣಿಸುತ್ತದೆ. ತೂಕ ಮತ್ತು ಅಳತೆಯಲ್ಲಿ ಮಾಡುವ ಮೋಸ ಅಲ್ಲಿಯೂ ಸೇರಿದೆ.