ಕೆಂಡದೊಲೆಯ ಕಥೆ

ಹೊಸಪೇಟೆಯ ನಮ್ಮ ಮನೆಯ ಮಾಳಿಗೆಯ ಮೇಲೆ ಒಂದು ‘ಬಾರ್ಬೆಕ್ಯೂ’ ಇರಲೇಬೇಕೆಂದು ಮೊಮ್ಮಗ ಹಟ ಹಿಡಿದಾಗ ಮನೆಯಲ್ಲಿ ಸಣ್ಣದೊಂದು ಯುದ್ಧವೇ ಆರಂಭವಾಯಿತೆನ್ನಬೇಕು. ಅವನಿಗೆ ಕೋಳಿ ಸುಡಬೇಕು. ಎಂಬತ್ತಾರರ ನನ್ನ ಅವ್ವನಾದರೋ ಮಾಂಸ ಬಿಟ್ಟು ಮೂವತ್ತು ವರ್ಷಗಳಾದುವು. “ಪರದೇಶದ ಅಡಿಗಿ ನಮಗ್ಯಾಕಪ್ಪಾ?” ಎಂದಳು. ತೀರ್ಪಿನ ಭಾರ ನನ್ನ ತಲೆಗೆ ಬಂತು. ಹಳೆಯ ಪುಸ್ತಕಗಳನ್ನು ತಿರುವಿಹಾಕುವ ಚಟ ನನ್ನದು. ಅಂಗಡಿಗೆ ಹೋಗುವ ಮೊದಲು ಕಪಾಟಿನ ಕಡೆಗೆ ನಡೆದೆ.

ಹೆಸರೇನೋ ಪರದೇಶದ್ದೇ. ಕೆರಿಬಿಯನ್ ದ್ವೀಪಗಳ ಮೂಲನಿವಾಸಿಗಳು ಬೆಂಕಿಯ ಮೇಲೆ ನಿಲ್ಲಿಸುತ್ತಿದ್ದ ಕಟ್ಟಿಗೆಯ ಅಟ್ಟಣೆಯನ್ನು ಸ್ಪೇನಿನವರು ‘ಬಾರ್ಬಕೋವಾ’ ಎಂದು ಕರೆದರು. ಆದರೆ ಕೆಲಸ ಪರದೇಶದ್ದಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ಸುಮಾರು 1130ರಲ್ಲಿ ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಅನ್ನಭೋಗವೆಂಬ ಭಾಗವೊಂದಿದೆ. ಮಾಂಸದ ತುಂಡುಗಳನ್ನು ಸಲಾಕೆಗೆ ಪೋಣಿಸಿ ಕೆಂಡದ ಮೇಲೆ ಸುಡುವ ಕ್ರಮವನ್ನು ಆ ಅರಸು ಯಾವ ಸಂಕೋಚವೂ ಇಲ್ಲದೆ ವಿವರಿಸಿದ್ದಾನೆ. ಆಗ ನಮ್ಮಲ್ಲಿ ಮೆಣಸಿನಕಾಯಿ ಇರಲಿಲ್ಲ. ಖಾರಕ್ಕೆ ಕರಿಮೆಣಸು, ಪರಿಮಳಕ್ಕೆ ಇಂಗು.

ನಮ್ಮ ಊರಿನ ಮಗ್ಗುಲಿಗೇ ಬರೋಣ. ಸುಮಾರು 1520ರಲ್ಲಿ ವಿಜಯನಗರವನ್ನು ಕಂಡ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್, ಪೇಟೆಯಲ್ಲಿ ದಿನಂಪ್ರತಿ ಕುರಿಮಾಂಸ ಹೇರಳವಾಗಿ ಮಾರಾಟವಾಗುತ್ತಿದ್ದುದನ್ನೂ, ಹಂದಿಮಾಂಸ ಬೆಳ್ಳಗೆ ಶುಭ್ರವಾಗಿದ್ದುದನ್ನೂ ಬರೆದಿಟ್ಟಿದ್ದಾನೆ. ಅದೇ ಲೇಖನಿಯಿಂದ ನಿಂಬೆಹಣ್ಣಿನ ಹೇರುಗಳನ್ನೂ ಬದನೆಕಾಯಿಯನ್ನೂ ಅವನು ಮರೆಯದೆ ದಾಖಲಿಸಿದ್ದಾನೆ. ಮಹಾನವಮಿ ದಿಬ್ಬದ ಕಲ್ಲುಗಳ ಮೇಲೆ ಬೇಟೆಯ ಚಿತ್ರಗಳಿವೆ. ಆ ಬೇಟೆ ಬೆಂಕಿಯ ಮೇಲೆಯೇ ಮುಗಿದಿರಬೇಕೆಂದು ಊಹಿಸುವುದು ತಪ್ಪಾಗಲಾರದು.

ಬದನೆಕಾಯಿಯ ಮಾತು ಬಂದೊಡನೆ ಅವ್ವನ ಕಿವಿ ನಿಮಿರಿತು. ಹದಿನಾರನೆಯ ಶತಮಾನದ ಆರಂಭದಲ್ಲಿದ್ದ ಮೂರನೆಯ ಮಂಗರಸನ ‘ಸೂಪಶಾಸ್ತ್ರ’ ಕನ್ನಡದ ಶುದ್ಧ ಸಸ್ಯಾಹಾರದ ಪಾಕಗ್ರಂಥ. ಜೈನನಾದ ಆ ಕವಿ ಬದನೆಕಾಯಿಗೆ ವಿಶೇಷ ಮರ್ಯಾದೆಯನ್ನೇ ಸಲ್ಲಿಸಿದ್ದಾನೆ. “ಹಂಗಾದ್ರ ಬದನಿಕಾಯಿ ಸುಡಾಕ ಬರತೈತೇನು?” ಎಂದು ಕೇಳಿದಳು. ಸಂಧಾನಕ್ಕೆ ದಾರಿ ತೆರೆಯಿತು.

ಇನ್ನು ಆಯ್ಕೆ. ಅಂಗಡಿಯವನು ಮೊದಲು ತೋರಿಸಿದ್ದು ಮುಚ್ಚಳವಿರುವ ದುಂಡನೆಯ ಒಲೆ. 1952ರಲ್ಲಿ ಷಿಕಾಗೋ ಬಳಿಯ ಜಾರ್ಜ್ ಸ್ಟೀಫನ್ ಎಂಬಾತ, ತಾನು ದುಡಿಯುತ್ತಿದ್ದ ಕಾರ್ಖಾನೆಯ ತೇಲುಬುರುಡೆಯನ್ನು ಎರಡು ಹೋಳು ಮಾಡಿ ಈ ಬಗೆಯನ್ನು ಸೃಷ್ಟಿಸಿದ. ಮುಚ್ಚಳವಿದ್ದರೆ ಶಾಖ ಸುತ್ತುವರಿಯುತ್ತದೆ; ದೊಡ್ಡ ತುಂಡುಗಳು ಒಳಗಿನವರೆಗೂ ಬೇಯುತ್ತವೆ. ಸಣ್ಣ ತುಂಡಿಗೂ ತರಕಾರಿಗೂ ತೆರೆದ ಒಲೆಯೇ ಸಾಕು. ನೋಡಬೇಕಾದದ್ದು ಮೂರು: ತಗಡು ದಪ್ಪವಾಗಿರಬೇಕು, ಕೆಳಗೆ ಗಾಳಿಕಿಂಡಿ ತೆರೆದು ಮುಚ್ಚುವಂತಿರಬೇಕು, ಜಾಳಿಗೆಯನ್ನು ಮೇಲೆ ಕೆಳಗೆ ಮಾಡುವಂತಿರಬೇಕು. ಉರಿಯಲ್ಲಿ ಸುಡಬಾರದು, ಉರಿ ಇಳಿದು ಕೆಂಡಕ್ಕೆ ಬೂದಿಯ ಮುಸುಕು ಬಂದಾಗಲೇ ಹದ. ಕೋಣೆಯೊಳಗಂತೂ ಹಚ್ಚಲೇಬಾರದು, ಇದ್ದಿಲ ವಿಷಾನಿಲಕ್ಕೆ ವಾಸನೆಯಿಲ್ಲ.

ಇದ್ದಿಲಿಗೆ ನಮ್ಮಲ್ಲಿ ಬರವಿಲ್ಲ. ಎಲ್ಲೆಂದರಲ್ಲಿ ಬೆಳೆದು ನಿಂತಿರುವ ಬಳ್ಳಾರಿ ಜಾಲಿ ಅಮೆರಿಕ ಖಂಡದಿಂದ ಬಂದ ಗಿಡ; ಅಲ್ಲಿಯವರು ಮಾಂಸ ಸುಡಲು ಮೆಚ್ಚುವ ಮೆಸ್ಕಿಟ್ ಮರಕ್ಕೆ ಬಂಧು. ಸಂಡೂರಿನ ಗುಡ್ಡಗಳಲ್ಲಿ ಕಬ್ಬಿಣದ ಅದಿರು. ಹೀಗಿರುವಾಗ ದೂರದ ಒಲೆ ಏಕೆ? ಊರಿನ ಕಮ್ಮಾರನಲ್ಲೇ ಎರಡು ಬೇರೆ ಬೇರೆ ಜಾಳಿಗೆಗಳಿರುವ ಒಲೆ ಮಾಡಿಸಿದೆ. ಒಂದು ಅವ್ವನಿಗೆ, ಒಂದು ಮೊಮ್ಮಗನಿಗೆ.

ಮೊದಲ ಸಂಜೆ ಬದನೆಕಾಯಿಯೇ ಮೊದಲು ಸುಟ್ಟಿತು. ಕಪ್ಪಾದ ಸಿಪ್ಪೆಯನ್ನು ಸುಲಿಯುತ್ತ ಅವ್ವ ಮೆಲ್ಲನೆ ಕೇಳಿದಳು: “ನನ್ನ ಶೆಗಡಿ ಇದ್ದಿದ್ರ ಇದು ಯಾಕ ಬೇಕಾಗಿತ್ತಪ್ಪಾ?”

ಮನೆಗೆ ಗ್ಯಾಸ್ ಬಂದ ವರ್ಷ ಅವಳ ಶೆಗಡಿಯನ್ನು ಹಳೆಯ ಕಬ್ಬಿಣದವನಿಗೆ ತೂಕಕ್ಕೆ ಹಾಕಿದವನು ನಾನೇ. ಅವಳನ್ನು ಒಂದು ಮಾತು ಕೇಳಿರಲಿಲ್ಲ. ಒಂಬತ್ತು ಶತಮಾನಗಳ ಹಿಂದಿನ ಅರಸನ ಕೆಂಡವನ್ನು ಹುಡುಕಿ ತೆಗೆದ ನನಗೆ ಈ ಪ್ರಶ್ನೆಗೆ ಉತ್ತರ ಹೊಳೆಯಲಿಲ್ಲ. ಸುಮ್ಮನೆ ಇನ್ನೊಂದು ಬದನೆಕಾಯಿಯನ್ನು ಕೆಂಡದ ಮೇಲಿಟ್ಟೆ.