ಇಪ್ಪತ್ತು ವರ್ಷದ ದೊಡ್ಡಮ್ಮನನ್ನು ಯಾರೂ ಕೇಳಲಿಲ್ಲ

ನಮ್ಮ ಮನೆಯ ಬೀರುವಿನಲ್ಲಿ ಒಂಬತ್ತು ವಿಎಚ್‌ಎಸ್ ಕ್ಯಾಸೆಟ್ಟುಗಳಿವೆ. ಎಲ್ಲವೂ ಮದುವೆಯವು. ಹೋದ ವರ್ಷ ಅವನ್ನೆಲ್ಲ ಡಿಜಿಟಲ್ ಮಾಡಿಸಿಕೊಂಡು ಬಂದು ಒಂದು ಭಾನುವಾರ ಕೂತು ನೋಡಿದೆ. ಧಾರೆ, ಆರತಕ್ಷತೆ, ಪಂಕ್ತಿಯಲ್ಲಿ ಊಟ ಮಾಡ್ತಿರೋರ ಮುಖಕ್ಕೇ ಲೈಟು ಬಿಟ್ಟು ತೆಗೆದ ಶಾಟುಗಳು. ಯಾರೂ ಒಂದು ಮಾತಾಡೋದಿಲ್ಲ. ಆಡಿದ್ದರೂ ಅದರ ಮೇಲೆ ವಿಡಿಯೊದವರು ಸಿನಿಮಾ ಹಾಡು ಸುರಿದಿದ್ದಾರೆ. ತೀರಿಕೊಂಡ ತಾತ ಮೂರು ಕ್ಯಾಸೆಟ್ಟಿನಲ್ಲಿ ಓಡಾಡ್ತಾರೆ, ದನಿ ಮಾತ್ರ ಎಲ್ಲೂ ಇಲ್ಲ.

ರಾಜಾಜಿನಗರದ ದೊಡ್ಡಮ್ಮನ ಮುಂದೆ ಕ್ಯಾಮೆರಾ ಇಡಬೇಕು ಅನ್ನಿಸಿದ್ದು ಆವತ್ತೇ. ಆದರೆ ನಾನು ಐಟಿಯವನು. ಯಾವ ಕೆಲಸಕ್ಕೂ ಮುಂಚೆ ಬೇರೆಯವರು ಹೇಗೆ ಮಾಡಿದ್ದಾರೆ ಅಂತ ಹುಡುಕೋ ಚಟ.

ಸಾಮಾನ್ಯ ಜನರನ್ನು ಕೂರಿಸಿಕೊಂಡು ‘ನಿನ್ನ ಬದುಕು ಹೇಗಿದೆ’ ಅಂತ ಕ್ಯಾಮೆರಾ ಮುಂದೆ ಕೇಳೋದು ಅಷ್ಟೇನೂ ಹಳೆಯದಲ್ಲ. 1950ರ ದಶಕದ ಕೊನೆವರೆಗೂ ಚಿತ್ರದ ಜೊತೆಗೇ ದನಿ ಹಿಡಿಯಬೇಕಾದರೆ ದೊಡ್ಡ ಸರಂಜಾಮೇ ಬೇಕಿತ್ತು. ಹೆಗಲ ಮೇಲೆ ಕೂರುವ 16 ಎಂಎಂ ಕ್ಯಾಮೆರಾ, ಹೊತ್ತು ತಿರುಗಬಹುದಾದ ನಾಗ್ರಾ ಟೇಪ್ ರೆಕಾರ್ಡರ್ ಬಂದಮೇಲೆ ಆಟವೇ ಬದಲಾಯಿತು. 1960ರ ಬೇಸಿಗೆಯಲ್ಲಿ ಪ್ಯಾರಿಸ್ಸಿನಲ್ಲಿ ಜ್ಯಾಂ ರೂಷ್ ಮತ್ತು ಎಡ್ಗರ್ ಮೊರಾಂ, ಬೀದಿಯಲ್ಲಿ ಹೋಗೋರನ್ನು ನಿಲ್ಲಿಸಿ ‘ನೀವು ಸುಖವಾಗಿದ್ದೀರಾ’ ಅಂತ ಕೇಳಿಸಿದರು. 1964ರಲ್ಲಿ ಬ್ರಿಟನ್ನಿನ ಗ್ರನಾಡಾ ಟೀವಿ, ಏಳು ವರ್ಷದ 14 ಮಕ್ಕಳನ್ನು ಮಾತಾಡಿಸಿ ‘ಸೆವೆನ್ ಅಪ್’ ಮಾಡಿತು. ಅದರಲ್ಲಿ ಸಂಶೋಧಕನಾಗಿದ್ದ ಮೈಕೆಲ್ ಆಪ್ಟೆಡ್ ಏಳೇಳು ವರ್ಷಕ್ಕೊಮ್ಮೆ ಅದೇ ಮಕ್ಕಳ ಹತ್ತಿರ ಹೋದ, 2019ರ ‘63 ಅಪ್’ ತನಕ. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಅನ್ನೋ ಥರದ ನಂಬಿಕೆಯ ಮೇಲೆ ನಿಂತ ಸರಣಿ ಅದು. ನನಗೆ ಇಷ್ಟವಾಗಿದ್ದು ಆ ನಂಬಿಕೆ ಅಲ್ಲ, ಅದು ಎಡವಿದ ಜಾಗಗಳು. 14ರಲ್ಲಿ ಹುಡುಗಿಯರು ನಾಲ್ಕೇ ಜನ. ಟೋನಿ ಅನ್ನೋ ಬಡವರ ಮನೆ ಹುಡುಗ ಮುಂದೆ ಜೈಲಿಗೇ ಹೋಗ್ತಾನೆ ಅಂದುಕೊಂಡು, ಅವನಿಗೆ 21 ಆದಾಗ ಕಳ್ಳಕಾಕರು ಓಡಾಡೋ ಬೀದಿಗಳಲ್ಲಿ ಸುತ್ತಿಸಿ ಶೂಟ್ ಮಾಡಿಟ್ಟುಕೊಂಡಿದ್ದ ಆಪ್ಟೆಡ್. ಟೋನಿ ಟ್ಯಾಕ್ಸಿ ಓಡಿಸಿಕೊಂಡು ಸಂಸಾರ ಮಾಡಿದ. ಎರಡೂ ತಪ್ಪೇ ಅಂತ ಆಪ್ಟೆಡ್ ಆಮೇಲೆ ಒಪ್ಪಿಕೊಂಡ. ಇನ್ನೊಬ್ಬ 21ಕ್ಕೇ ಸಾಕಪ್ಪಾ ಅಂತ ಸರಣಿ ಬಿಟ್ಟು, ತಾನೇ ಡಾಕ್ಯುಮೆಂಟರಿ ಕಸುಬಿಗೆ ಹೋದ!

ನಮ್ಮಲ್ಲಿ ಏನೂ ಇರಲಿಲ್ಲವಾ? ಇತ್ತು. 1967ರಲ್ಲಿ ಫಿಲ್ಮ್ಸ್ ಡಿವಿಜನ್‌ನ ಎಸ್.ಎನ್.ಎಸ್. ಶಾಸ್ತ್ರಿ ‘ಐ ಆ್ಯಮ್ 20’ ಮಾಡಿದರು. ಸ್ವಾತಂತ್ರ್ಯದ ಜೊತೆಗೇ 1947ರಲ್ಲಿ ಹುಟ್ಟಿದ ಹುಡುಗ ಹುಡುಗಿಯರನ್ನು ದೇಶದ ಬೇರೆ ಬೇರೆ ಕಡೆ ಹುಡುಕಿ, ಏನು ಕನಸು, ಏನು ಭಯ ಅಂತ ಕೇಳೋ ಕಿರುಚಿತ್ರ. ಆಗೆಲ್ಲ ಟಾಕೀಸುಗಳಲ್ಲಿ ಮೇನ್ ಪಿಕ್ಚರಿಗೆ ಮುಂಚೆ ಫಿಲ್ಮ್ಸ್ ಡಿವಿಜನ್ ರೀಲು ಹಾಕಲೇಬೇಕಿತ್ತು. ಅಣೆಕಟ್ಟು, ಮಂತ್ರಿ, ಗೊಬ್ಬರ, ಮೇಲಿಂದ ಗಡಸು ದನಿಯ ಕಾಮೆಂಟರಿ. ಅದೇ ಸರ್ಕಾರಿ ಕಂಪನಿಯಿಂದ ಇಪ್ಪತ್ತರ ಹುಡುಗರು ಮುಚ್ಚುಮರೆಯಿಲ್ಲದೆ ಮಾತಾಡೋ ಚಿತ್ರ ಬಂತು ಅನ್ನೋದೇ ನನಗೆ ಆಶ್ಚರ್ಯ.

ಬೆಂಗಳೂರಿಗೂ ಒಂದು ಎಳೆ ಇದೆ. 1980ರಲ್ಲಿ ಇಲ್ಲಿ ದೀಪಾ ಧನರಾಜ್, ಆಭಾ ಭೈಯಾ, ಮೀರಾ ರಾವ್, ನವರೋಜ್ ಕಾಂಟ್ರಾಕ್ಟರ್ ಸೇರಿ ‘ಯುಗಾಂತರ್’ ಅನ್ನೋ ತಂಡ ಕಟ್ಟಿದರು. ನಮ್ಮ ನಿಪ್ಪಾಣಿಯ ತಂಬಾಕು ಕೆಲಸದ ಹೆಂಗಸರ ಮೇಲೆ 1982ರಲ್ಲಿ ಒಂದು ಚಿತ್ರ ಮಾಡಿದರು. ಬಂದು ಮೈಕು ಹಿಡಿದು ಹೋದವರಲ್ಲ. ಆ ಹೆಂಗಸರ ಜೊತೆ ಕೂತು, ಕೇಳಿಸಿಕೊಂಡು, ಏನು ತೋರಿಸಬೇಕು ಅಂತ ಅವರ ಜೊತೆಗೇ ಚರ್ಚಿಸಿ ತೆಗೆದರು. ನನ್ನ ಹತ್ತಿರ ಇದ್ದಿದ್ದು ಒಂದು ಟ್ರೈಪಾಡು, ಒಂದು ಶನಿವಾರ.

ದೊಡ್ಡಮ್ಮನೂ 1947ರಲ್ಲೇ ಹುಟ್ಟಿದವರು. ಇಪ್ಪತ್ತಕ್ಕೆ ತುಮಕೂರು ಕಡೆಯ ಹಳ್ಳಿಯಿಂದ ಮದುವೆಯಾಗಿ ರಾಜಾಜಿನಗರಕ್ಕೆ ಬಂದರು. 1949ರಲ್ಲಿ ಕೈಗಾರಿಕಾ ಉಪನಗರ ಅಂತ ಶುರುವಾದ ಬಡಾವಣೆ ಇದು. ಹಾಗಾಗಿ ಅವರ ಮೊದಲ ನೆನಪುಗಳೆಲ್ಲ ಶಿಫ್ಟು, ಸೈಕಲ್ಲು. “ಸೈರನ್ ಕೂಗಿದ್ ಕೂಡ್ಲೇ ಅನ್ನಕ್ಕಿಡ್ತಿದ್ದೆ, ಗಡಿಯಾರ ಯಾರ ಹತ್ರ ಇತ್ತು?” ಅಂದರು.

ಶುರು ಮಾಡೋ ಮುಂಚೆ ‘ಐ ಆ್ಯಮ್ 20’ ತೋರಿಸಿದೆ. ಕನ್ನಡಕ ಏರಿಸಿಕೊಂಡು ನೋಡಿದರು.

“ಇವ್ರೆಲ್ಲ ನನ್ ಓರಗೆಯೋರೇ ಅಲ್ವೇನೋ?”

“ಹೂಂ ದೊಡ್ಡಮ್ಮ. ಆವಾಗ ನಿಮ್ಮನ್ನೂ ಕೇಳಿದ್ದಿದ್ರೆ ಏನ್ ಹೇಳ್ತಿದ್ರಿ?”

ಸ್ವಲ್ಪ ಹೊತ್ತು ಸುಮ್ಮನಿದ್ದರು. “ಆವಾಗ ಏನ್ ಹೇಳ್ತಿದ್ದೆ ಅಂತ ಈವಾಗ ಹೆಂಗೆ ಹೇಳ್ಲಿ? ಈಗ ಕೇಳಿದ್ರೆ ಈಗಿಂದೇ ಬರತ್ತೆ ಕಣೋ.”

ಒಂದು ತಿಂಗಳು ಓದಿ ನನಗೆ ಹೊಳೆಯದೇ ಇದ್ದಿದ್ದು ಇದು. ಆಪ್ಟೆಡ್ ಏಳು ವರ್ಷಕ್ಕೊಮ್ಮೆ ಯಾಕೆ ಹೋಗಬೇಕಿತ್ತು ಅಂದರೆ, 63ರವನಿಗೆ ತನ್ನ ಏಳನೇ ವರ್ಷ ಸರಿಯಾಗಿ ಗೊತ್ತಿರೋದಿಲ್ಲ. ನೆನಪು ಅನ್ನೋದು ಈಗಿನ ಮನುಷ್ಯ ಹೇಳೋ ಕತೆ. 1967ರ ದೊಡ್ಡಮ್ಮನನ್ನು ನಾನು ಎಷ್ಟೇ ಒಳ್ಳೆ ಲೆನ್ಸ್ ಹಾಕಿದರೂ ಹಿಡಿಯೋಕಾಗಲ್ಲ. ಆ ಹುಡುಗಿಯ ಹತ್ತಿರ ಯಾರೂ ಹೋಗಲಿಲ್ಲ, ಅವಳ ಮಾತು ಹೋಯಿತು.

ಒಂದೂವರೆ ತಾಸು ಶೂಟ್ ಮಾಡಿದೆ. ಕಾಫಿ ಆದಮೇಲೆ ಅವರು ಮದುವೆಯ ಹೊಸದರಲ್ಲಿ ನಡೆದ ಒಂದು ವಿಷಯ ಹೇಳಿದರು. ಏನು ಅಂತ ಇಲ್ಲಿ ಬರೆಯೋದಿಲ್ಲ. ಹನ್ನೊಂದು ನಿಮಿಷ. ಕ್ಯಾಮೆರಾ ಇರೋದೇ ಮರೆತು ಮಾತಾಡಿದರು. ಡಾಕ್ಯುಮೆಂಟರಿಯವರು ಕಾಯೋದೇ ಅಂಥ ಹೊತ್ತಿಗೆ. ನನಗೂ ಒಳಗೊಳಗೇ ಖುಷಿಯಾಯಿತು, ಸುಳ್ಳು ಯಾಕೆ ಹೇಳಲಿ. ಮುಗಿದ ಮೇಲೆ ಸೆರಗಿನಲ್ಲಿ ಮುಖ ಒರೆಸಿಕೊಂಡು, “ಅದು ಆನ್ ಇತ್ತಾ?” ಅಂದರು.

“ಇತ್ತು.”

“ನಿಮ್ಮಣ್ಣಂದಿರು ನೋಡೋ ಹಂಗಾಗ್ಬಾರ್ದು.”

ಅಳಿಸ್ತೀನಿ ಅಂದೆ. ಅದಕ್ಕೂ ಬೇಡ ಅಂದರು. ಮನೆಗೆ ಬಂದು ಎರಡು ದಿನ ಯೋಚಿಸಿ, ಆ ಹನ್ನೊಂದು ನಿಮಿಷವನ್ನು ಬೇರೆ ಮಾಡಿ ಪೆನ್‌ಡ್ರೈವಿಗೆ ಹಾಕಿದೆ. ಲ್ಯಾಪ್‌ಟಾಪಲ್ಲಿದ್ದದ್ದು, ಕ್ಯಾಮೆರಾ ಕಾರ್ಡಲ್ಲಿದ್ದದ್ದು ಎರಡನ್ನೂ ಅಳಿಸಿದೆ. ಮುಂದಿನ ಶನಿವಾರ ಪೆನ್‌ಡ್ರೈವ್ ಕೊಟ್ಟೆ. ತಿರುಗಿಸಿ ಮುರುಗಿಸಿ ನೋಡಿ, “ಇಷ್ಟರಲ್ಲಿ ಅಷ್ಟೂ ಇದೆಯಾ?” ಅಂದರು. ಮನೆ ಪತ್ರ, ಪೆನ್ಷನ್ ಪುಸ್ತಕ ಇಡೋ ಡಬ್ಬಿಯೊಳಗೆ ಹಾಕಿ ಬೀರುವಿಗೆ ಬೀಗ ಹಾಕಿಕೊಂಡರು.